ಜೈತುನ್‌ಬಿಯವರ ಎಲೆಗಪ್ಪೆಗಳು ನಮ್ಮ ಮನೆಗೆ ಬಂದದ್ದು

ಕೆಳಗಿನ ನೆರಳುಬೀದಿ, ಧಾರವಾಡ
ಮರುಎಣಿಕೆಯ ಎಪ್ಪತ್ತನೆಯ ವರ್ಷ, ಹದಿಮೂರನೆಯ ತಿಂಗಳ ಮೊದಲ ಸೋಮವಾರ

ಕಪ್ಪೆ ಸಾಕುವ ಆಸೆಯಿಂದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಅದಕ್ಕೆ ಮೊದಲ ಹಿಡಿ ಮಣ್ಣು ಹಾಕಲು ಹೊರಟಿರುವ ನಿಮಗೆ,

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಬಿಸಿಲು ತೀರಾ ಏರಿದ ದಿನಗಳಲ್ಲಿ ಊರೆಲ್ಲ ಮನೆಯೊಳಗೇ ಉಳಿಯುವುದು ರೂಢಿಯಾದ ಮೇಲೆ, ನಮ್ಮ ಹಿರಿಯರು ಆ ದಿನಗಳನ್ನು ಬೇರೆಯೇ ಒಂದು ತಿಂಗಳಾಗಿ ಕಟ್ಟಿ 'ಒಳತಿಂಗಳು' ಎಂದು ಕರೆದರು. ಕಾಗದ ಬರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಿಮ್ಮ ಕಾಲದ ಕನ್ನಡವನ್ನೇ ಓದಿ ಮೊನ್ನೆ ಪದವಿ ಪಡೆದವಳು ನಾನು. ಆದರೂ ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಮನ್ನಿಸಿ, ಸಾಧ್ಯವಾದಲ್ಲೆಲ್ಲ ಬಿಡಿಸಿ ಹೇಳುತ್ತೇನೆ.

ಗಿಡ ನೆಟ್ಟ ಆ ಪೆಟ್ಟಿಗೆಗೆ ನಾವು 'ಗಾಜುದೋಟ' ಎನ್ನುತ್ತೇವೆ. ನಿಮಗದು ಹವ್ಯಾಸ, ನಮಗೆ ಹೊಣೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ಎಳೆ ವೀಳ್ಯದೆಲೆಯ ಬಣ್ಣದ ಎಲೆಗಪ್ಪೆ ಈಗ ಬಯಲಿನಲ್ಲಿ ಇಲ್ಲ. ಇರುವುದು ಮನೆಮನೆಯ ಗಾಜುದೋಟಗಳಲ್ಲಿ ಮಾತ್ರ. ಅದನ್ನು ಯಾರೂ ಮಾರುವುದಿಲ್ಲ. ಹೆಣ್ಣು ಕೇಳುವಂತೆ ಕೇಳಿ ತರಬೇಕು. ಕಪ್ಪೆ ಹುಟ್ಟಿ ಬೆಳೆದ ಮನೆಯೇ ಅದರ ತವರು. ತವರಿನವರು ಬೀಗರಾಗಿ ಬಂದು, ಚಹಾ ಕುಡಿದು, ಗಾಜುದೋಟವನ್ನು ಮೂಲೆಮೂಲೆ ನೋಡುತ್ತಾರೆ. ಮಗಳನ್ನೂ ಅಳಿಯನನ್ನೂ ಒಂದೇ ಮನೆಗೆ ಒಟ್ಟಿಗೆ ಕಳಿಸುವ ಬೀಗತನ ನಮ್ಮ ಕಾಲದ್ದೇ ಇರಬೇಕು. ಮನೆ ಒಪ್ಪಿಗೆಯಾದರೆ ಜೋಡಿ ಬರುತ್ತದೆ. ಆಗದಿದ್ದರೆ ಸರದಿಯಲ್ಲಿ ಮುಂದಿರುವ ಊರಿಗೆ ಹೋಗುತ್ತದೆ, ಕೇಳಿದವರು ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ನಾನು ಕಾಲೇಜು ಸೇರಿದ ವರ್ಷ ಹೆಸರು ಕೊಟ್ಟಿದ್ದೆ. ಸರದಿ ಬಂದದ್ದು ಕಾಲೇಜು ಮುಗಿದ ಮೇಲೆ.

ಕಟ್ಟಿದ ಬಗೆಯನ್ನು ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ಪೆಟ್ಟಿಗೆಯನ್ನು ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಗೋಡೆಗೆ ಇಟ್ಟೆ. ತಳಕ್ಕೆ ಒಡೆದ ಹೆಂಚಿನ ಚೂರು, ಹೆಚ್ಚಾದ ನೀರು ಇಳಿದು ನಿಲ್ಲಲು. ಅದರ ಮೇಲೆ ಸಣ್ಣ ಕಣ್ಣಿನ ಜಾಳಿಗೆ; ಇದಿಲ್ಲದಿದ್ದರೆ ಮಣ್ಣು ಹೆಂಚಿನೊಳಗೆ ಸೋರಿ ಕೆಸರಾಗಿ, ಬೇರು ಕೊಳೆಯುತ್ತದೆ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಕೊಳೆತ ಎಲೆಯ ಗೊಬ್ಬರ, ಇದ್ದಿಲ ಚೂರು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಸುರಿಯಬಾರದು. ಹಿಂದಿನ ಗೋಡೆಗೆ ಒರಟು ತೊಗಟೆ ಆನಿಸಿ ಜರಿಗಿಡ ಕೂರಿಸಿದೆ, ಬುಡದಲ್ಲಿ ಪಾಚಿ ಹಾಸಿದೆ, ಕುದಿಸಿ ಆರಿಸಿದ ತರಗೆಲೆ ಹರವಿದೆ. ಕಪ್ಪೆಗೆ ತಾನು ಅಡಗಬಹುದು ಎಂಬ ಧೈರ್ಯವಿದ್ದರೆ ಮಾತ್ರ ಹೊರಗೆ ಬರುತ್ತದೆ. ಈ ಸ್ವಭಾವ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೊನೆಗೆ ಚಿಮ್ಮುಹುಳ ಬಿಟ್ಟೆ. ಬಿಳಿ ಧೂಳಿನ ಕಣದಂತಿರುವ ಇವು ಬೂಷ್ಟನ್ನೂ ಕಪ್ಪೆಯ ಹಿಕ್ಕೆಯನ್ನೂ ತಿಂದು ಮಣ್ಣನ್ನು ಚೊಕ್ಕವಾಗಿಡುತ್ತವೆ. ಇಷ್ಟಾದ ಮೇಲೆ ಕೆಲಸವೆಂದರೆ ಕಾಯುವುದು. ಪಾಚಿ ಹೊಸ ಚಿಗುರು ಬಿಟ್ಟು, ತರಗೆಲೆ ಎತ್ತಿದಲ್ಲೆಲ್ಲ ಹುಳ ಚಿಮ್ಮುವವರೆಗೆ ಖಾಲಿ ತೋಟಕ್ಕೇ ನೀರು ಸಿಂಪಡಿಸುತ್ತ ಕೂತಿದ್ದೆ. ಚಿಗವ್ವ, ಅಂದರೆ ನನ್ನನ್ನು ಸಾಕಿದವಳು, ತಾಯಿಯ ತಂಗಿ ಬಸಲಿಂಗವ್ವ, ಓಣಿಯವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ನೀಲಾ ಇಲ್ಲದ ಮಕ್ಕಳಿಗೆ ತೊಟ್ಟಲಾ ತೂಗಾಕತ್ತಾಳ ನೋಡ್ರಿ."

ಬೀಗರ ನೋಟದ ದಿನ ಬಂದವರು ಇಬ್ಬರು. ನಮಗೆ ಬರಬೇಕಾದ ಜೋಡಿಯನ್ನು ಸಾಕಿದ್ದ ಜೈತುನ್‌ಬಿ, ದೊಡ್ಡ ದೇಹದ, ಅದಕ್ಕಿಂತ ದೊಡ್ಡ ನಗೆಯ ಹೆಂಗಸು. ಜೊತೆಗೆ ಸರದಿ ನೋಡಿಕೊಳ್ಳುವ ಫಕೀರಪ್ಪ ಕಾಕಾ, ಕೈಯಲ್ಲಿ ಭೂತಗನ್ನಡಿ. ಅವರು ಅಂಗಳದಲ್ಲಿ ಕಾಲು ತೊಳೆಯುತ್ತಿರುವಾಗ ಚಿಗವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಹೆಮ್ಮೆಯಿಂದ ಪಿಸುಗುಟ್ಟಿದಳು: "ಹೆದರಬ್ಯಾಡ. ಮುಂಜಾನೇನ ಓಕುಳಿ ಕಲಸಿ, ವೀಳ್ಯದೆಲಿಲೆ ಆ ಪೆಟಗಿ ತುಂಬ ಚಿಮಕಿಸೀನಿ. ಯಾರ ಕಣ್ಣೂ ತಾಗಂಗಿಲ್ಲ."

ಓಕುಳಿ ಎಂದರೆ ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ಆರತಿ ನೀರು. ಹೊಸದಾಗಿ ಮನೆಗೆ ಬರುವವರಿಗೆ ನಿವಾಳಿಸಿ ಹೊರಗೆ ಚೆಲ್ಲುವುದು ನಿಮ್ಮ ಕಾಲದಿಂದಲೂ ಬಂದ ಪದ್ಧತಿ. ಕಪ್ಪೆ ಅಂಗಳದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಚಿಗವ್ವ ಅದನ್ನು ಒಳಗೇ ಚೆಲ್ಲಿದ್ದಳು. ನಾನು ಹೋಗಿ ನೋಡಿದೆ. ಕೆಂಪು ಆಗಲೇ ಇಂಗಿಹೋಗಿತ್ತು. ತೋಟ ಎಂದಿಗಿಂತ ಹಸಿರಾಗಿ, ಹೊಸದಾಗಿ ತೊಳೆದಂತೆ ಕಾಣುತ್ತಿತ್ತು. ಸುಣ್ಣ ಹುಳಗಳನ್ನು ಸುಡಲು ಇನ್ನೂ ಹೊತ್ತಿತ್ತು. ಭೂತಗನ್ನಡಿಗೂ ಏನೂ ತಿಳಿಯುವಂತಿರಲಿಲ್ಲ.

ಫಕೀರಪ್ಪ ಕಾಕಾ ಜಾಳಿಗೆ, ಮುಚ್ಚಳ, ಗಾಳಿಯ ಕಿಂಡಿ ಎಲ್ಲ ನೋಡಿ ತಲೆಯಾಡಿಸಿದರು. ಜೈತುನ್‌ಬಿ ಮಂಡಕ್ಕಿ ಮೆಲ್ಲುತ್ತ, "ಮನಿ ಚಂದ ಕಟ್ಟೀಯ ಬೇಟಾ. ನನ್ನ ಮಗಳು ನನ್ನ ಮರತs ಬಿಡ್ತಾಳ," ಎಂದರು. ಒಪ್ಪಿಗೆಯ ಎಲೆ-ಅಡಿಕೆ ಕೈಗೆ ಬರುವುದಷ್ಟೇ ಬಾಕಿ. ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದವಳು ನಾನು. ಎದುರಿಗೆ ಬೀಗರು, ಪಕ್ಕದಲ್ಲಿ ಚಿಗವ್ವ. ಹೇಳಿದರೆ ಅವಳ ಮಾನ, ಹೇಳದಿದ್ದರೆ ಎರಡು ಜೀವ.

"ಇವತ್ತ ಎಲಿ-ಅಡಿಕಿ ಕೊಡಬ್ಯಾಡ್ರಿ," ಎಂದೆ. "ಮಣ್ಣಿಗೆ ಓಕುಳಿ ಬಿದ್ದೈತಿ."

ಚಿಗವ್ವ ನನ್ನ ಮಾತು ಮುಗಿಯಲು ಬಿಡಲಿಲ್ಲ. "ನಾನs ಹಾಕೀನಿ! ಬಾಗಲಿಗೆ ಬಂದ ಮಕ್ಕಳನ್ನ ಬರೇ ಕೈಲೆ ಕರಕೊಳ್ಳಾಕಾಕ್ಕೇತೇನ್ರಿ? ಅರಿಶಿಣ ಮೈಗೆ ಚಲೋ ಅಲ್ಲೇನು?"

"ನಿಮ್ಮ ಮೈಗೆ ಚಲೋ ಅಕ್ಕಾ," ಎಂದರು ಜೈತುನ್‌ಬಿ. "ನಮ್ಮ ಮಕ್ಕಳು ಬಾಯಿಲೆ ನೀರು ಕುಡಿಯಂಗಿಲ್ಲ, ತೊಗಲಿಲೇನ ಕುಡಿತಾವ. ನಿಮ್ಮ ಓಕುಳಿ ಸೀದಾ ಹೊಟ್ಟಿಗೆ ಹೋಗತೈತಿ. ನೀವು ಒಂದು ವಾಟಗಾ ಸುಣ್ಣದ ನೀರು ಕುಡೀರಿ ನೋಡೂಣು?"

ಚಿಗವ್ವನ ಮುಖ ಇಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಫಕೀರಪ್ಪ ಕಾಕಾ ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು. "ಪಾಪ, ತಿಳೀದs ಆಗೇತಿ. ಆದ್ರ ಸರದಿ ಅಂದ್ರ ಸರದಿ. ಹಾವೇರಿಯವರು ಪೆಟಗಿ ಸಜ್ಜು ಮಾಡ್ಕೊಂಡು ಕುಂತಾರ."

"ಕಾಕಾ," ಎಂದೆ, "ಹಾವೇರಿಯವರ ಮಣ್ಣಿಗೂ ಹಿಂಗ ಏನರೆ ಬಿದ್ರ, ಅವರು ನಿಮಗ ಹೇಳ್ತಾರಂತ ಖಾತ್ರಿ ಐತೇನು? ನಾ ಎಲ್ಲಾ ತಗದು ಹೊಸದಾಗಿ ಕಟ್ತೀನಿ. ಸರದಿ ತಪ್ಪಸಬ್ಯಾಡ್ರಿ."

ಉತ್ತರವಾಗಿ ಬಂದದ್ದು ಜೈತುನ್‌ಬಿಯವರ ನಗೆ. "ಫಕೀರಪ್ಪಾ, ದಾರ್ಯಾಗ 'ಬಾಯಿಲ್ಲದ ಹುಡುಗಿ' ಅಂದಿದ್ದೆಲ್ಲ? ಕೇಳಿದಿಲ್ಲೋ? ಹುಳ ತಿರಗಿ ಓಡಾಡೂತನಕ ಮಕ್ಕಳು ನನ್ನ ಮನ್ಯಾಗs ಇರ್ತಾವ. ಕೊಡಾಕಿ ನಾನು. ಇಲ್ಲೇ ಕೊಡಾಕಿ."

ಎಲ್ಲ ಸೇರಿ ತೋಟವನ್ನು ಖಾಲಿ ಮಾಡಿದೆವು. ಮೇಲಿನ ಮಣ್ಣು ಮಾತ್ರವಲ್ಲ, ತಳದ ಹೆಂಚಿನವರೆಗೆ. ಅರ್ಧ ಬದಲಿಸಿದ ತೋಟವನ್ನು ಎಂದೂ ನಂಬಬೇಡಿ. ಚಿಗವ್ವ ಹೆಂಚಿನ ಚೂರುಗಳನ್ನು ಏಳು ನೀರಿನಲ್ಲಿ ತೊಳೆಯುತ್ತ, "ಬೀಗರ ಕೈಲೆ ಮಣ್ಣು ಹೊರಸಿದ ಮನಿ ಅಂತ ನಾಳೆ ಓಣಿ ತುಂಬ ಸುದ್ದಿ," ಎಂದು ಗೊಣಗಿದಳು. "ಹೊರ್ತೀನಿ ಬಿಡ್ರಿ ಅಕ್ಕಾ," ಎಂದರು ಜೈತುನ್‌ಬಿ ಮೊಣಕೈವರೆಗೆ ಕೆಸರಾಗಿ, "ನನ್ನ ಮಕ್ಕಳು ಮಲಗೂ ಮಣ್ಣು." ನೋಡಲು ಬಂದವರು ನೆಟ್ಟು ಹೋದರು. ಫಕೀರಪ್ಪ ಕಾಕಾ ತಮ್ಮ ಮನೆಯ ಹುಳಗಳನ್ನು ಒಂದು ಡಬ್ಬಿಯಲ್ಲಿ ಮರುದಿನವೇ ಕಳಿಸಿದರು, ಏನೂ ಹೇಳಿ ಕಳಿಸದೆ.

ಹುಳ ತುಂಬಿದ ಮೇಲೆ ಜೋಡಿ ಬಂತು, ಒದ್ದೆ ಪಾಚಿಯ ಡಬ್ಬಿಯಲ್ಲಿ, ಜೈತುನ್‌ಬಿಯವರ ಮಡಿಲಲ್ಲಿ. ಬಹಳ ದಿನ ಅವು ನಮಗೆ ಮುಖ ತೋರಿಸಲೇ ಇಲ್ಲ. ಚಿಗವ್ವ ಗಾಜಿಗೆ ಮೂಗು ಹಚ್ಚಿ ಹುಡುಕುವಳು. ಗಾಜು ತಟ್ಟಬೇಡ ಎಂದು ನಾನು ಬೇಡಿಕೊಳ್ಳುವೆನು. ಆಮೇಲೊಂದು ಸಂಜೆ ನೀರು ಸಿಂಪಡಿಸಿದ ಹೊತ್ತಿಗೆ, ಎರಡು ಬೆಣಚುಕಲ್ಲು ತಾಗಿಸಿದಂಥ ಸದ್ದು ಜರಿಗಿಡದ ಮರೆಯಿಂದ ಬಂತು. ಗಂಡಿನ ಕೂಗು. ಒಗ್ಗರಣೆ ಹಾಕುತ್ತಿದ್ದ ಚಿಗವ್ವ ಸೌಟು ಹಿಡಿದೇ ಓಡಿಬಂದಳು. ಈಗ ಎಲೆಯ ಕೆಳಗೆ ತತ್ತಿಗಳಿವೆ, ಸಬ್ಬಕ್ಕಿಯಂತೆ. ಎಲೆಗಪ್ಪೆಗೆ ಗೊದಮೊಟ್ಟೆಯ ಅವಸ್ಥೆಯಿಲ್ಲ. ತತ್ತಿಯೊಳಗೇ ಕಾಲು ಮೂಡಿ, ಅಕ್ಕಿಕಾಳಿನಷ್ಟು ಮರಿ ನೇರವಾಗಿ ಹೊರಗೆ ಜಿಗಿಯುತ್ತದೆ. ಇಂದು ಬೆಳಿಗ್ಗೆ ನೋಡಿದೆ, ತತ್ತಿಯೊಳಗೆ ಕಣ್ಣುಗಳು ಅತ್ತಿತ್ತ ಹೊರಳುತ್ತಿವೆ.

ಈ ಮರಿಗಳು ಇನ್ನೊಂದು ಪೆಟ್ಟಿಗೆಗೆ ಹೋಗುವುದಿಲ್ಲ. ಬರುವ ಮಳೆಗೆ ಇವನ್ನು ಬಯಲಿಗೆ ಬಿಡುವುದೆಂದು ಜೈತುನ್‌ಬಿಯವರೂ ನಾವೂ ಕೂತು ನಿಶ್ಚಯಿಸಿದ್ದೇವೆ. ಮರಗಳ ನೆರಳು ಮತ್ತೆ ಕೂಡಿಕೊಂಡಿದೆ, ಮಣ್ಣು ತಣ್ಣಗಾಗಿದೆ, ಚಿಮ್ಮುಹುಳಗಳು ತಾವಾಗಿಯೇ ಬಂದಿವೆ. ಇವು ಬದುಕುತ್ತವೆ, ನನಗೆ ಸಂದೇಹವಿಲ್ಲ. ಬಿಡುವ ಜಾಗ ನಮ್ಮ ಬೀದಿಯ ಕೊನೆಯ ಒಂದು ತಗ್ಗು, ವರ್ಷವಿಡೀ ತೇವ ಆರದ, ಪೊದೆ ಬೆಳೆದ ಸಣ್ಣ ಜಾಗ. ಸುತ್ತಲಿನದೆಲ್ಲ ಎಂದೋ ಕಟ್ಟಡವಾಗಿತ್ತು. ಅದೊಂದನ್ನು ನಿಮ್ಮ ಕಾಲದಲ್ಲಿ ಯಾರೋ ಮಣ್ಣು ಸುರಿದು ಮುಚ್ಚದೆ ಬಿಟ್ಟಿದ್ದಾರೆ. ಯಾರೆಂದು ಎಲ್ಲಿಯೂ ದಾಖಲಾಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಗಾಜುದೋಟ ಕಟ್ಟಿ, ಸಂತೋಷದಿಂದ ಕಟ್ಟಿ. ಅದರೊಳಗೆ ಇಡುವ ಕಪ್ಪೆ ಸಾಕಿದ ಮನೆಯಲ್ಲಿ ಹುಟ್ಟಿದ್ದಾಗಿರಲಿ. ಹೊರಗೆ ಕೂಗುತ್ತಿರುವವರನ್ನು ಹಿಡಿದು ತರಬೇಡಿ. ಅವರು ಕೂಗುವ ತಗ್ಗು ನಿಮ್ಮ ಮನೆಯ ಹತ್ತಿರವಿದ್ದರೆ ಅದನ್ನು ಹಾಗೆಯೇ ಬಿಡಿ. ಕಪ್ಪೆಗಳನ್ನು ಅಲ್ಲಿಗೆ ನಾವು ಮತ್ತೆ ತರುತ್ತೇವೆ.

ತಗ್ಗಿನ ಆಚೆ ದಡದಿಂದ, ನಿಮ್ಮ ಬೀಗಿತ್ತಿ,
ನೀಲಾಂಬಿಕಾ