ಕೈಗುಣದ ಟ್ರ್ಯಾಕ್ಟರ್

ಭದ್ರಾವತಿ
೧೭ ನವೆಂಬರ್ ೨೦೨೫
ಕಡೇ ಕಾರ್ತಿಕ ಸೋಮವಾರ

ಪ್ರೀತಿಯ ಅನುಷಾ,

ನೀನು ಚೆನ್ನಾಗಿದ್ದೀಯ ಎಂದು ಗೊತ್ತು, ನಿನ್ನ ಸ್ಟೇಟಸ್ ದಿನಾ ನೋಡುತ್ತೇನೆ. ನಾನೂ ಚೆನ್ನಾಗಿದ್ದೇನೆ, ಎಷ್ಟು ತೊಳೆದರೂ ಕೈ ಗೊಬ್ಬರ ನಾರುವುದೊಂದನ್ನು ಬಿಟ್ಟರೆ. ಈ ಕಾಲದಲ್ಲಿ ಕಾಗದ ಬರೆದಳಲ್ಲ ಎಂದು ನಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ಅತ್ತೆ ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿರುತ್ತಾರೆ. ಮೆಸೇಜು ಕಳಿಸಿದರೆ ಎರಡನೇ ಸಾಲು ಓದುವಷ್ಟರಲ್ಲಿ ನೀನೇ ಫೋನ್ ಮಾಡುತ್ತೀಯ. ಕಾಗದವಾದರೆ ಪೂರ್ತಿ ಓದದೆ ನೀನು ಬಾಯಿ ಹಾಕುವಂತಿಲ್ಲ, ಮಾರಾಯ್ತಿ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಲ್ಯಾಬಿನ ಕೆಲಸಕ್ಕೆ ನಾನು ಬರುವುದಿಲ್ಲ. ನಿನ್ನ ಮುಖ ನೋಡಿಕೊಂಡು ಡಾಕ್ಟರ್ ನರಸಿಂಹಮೂರ್ತಿಯವರು ಶಿವಮೊಗ್ಗದ ಗೋಪಾಳದಲ್ಲಿ ನೀನಿರುವ ಲ್ಯಾಬಿನಲ್ಲೇ ನನಗಾಗಿ ಯುಗಾದಿಯಿಂದ ಆ ಜಾಗ ಉಳಿಸಿಕೊಂಡಿದ್ದಾರೆ. ನಾನು ದಸರಾ ಎಂದೆ, ದೀಪಾವಳಿ ಎಂದೆ. ಇನ್ನು ಅವರು ಬೇರೆಯವರನ್ನು ನೋಡಿಕೊಳ್ಳಲಿ. ಯಾಕೆಂದು ನಿನಗಾದರೂ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ನಮ್ಮ ಮಾವ ಉಜ್ಜನಪ್ಪನವರ ವ್ಯಾಪಾರ ನಿನಗೆ ಗೊತ್ತು: ಊರೂರು ತಿರುಗಿ ಕೊಟ್ಟಿಗೆ ಗೊಬ್ಬರ ಕೊಂಡು ತೋಟದವರಿಗೆ ತಲುಪಿಸುವುದು. ತುಂಬಲು ಆಳು ಸಿಗುತ್ತಿರಲಿಲ್ಲ. ಮುಂದುಗಡೆ ಲೋಡರ್ ಇರುವ ಟ್ರ್ಯಾಕ್ಟರ್ ಒಂದಿದ್ದರೆ ಬುಟ್ಟಿ, ಸಲಿಕೆಯ ಗೋಜೇ ಇಲ್ಲ ಎಂದು ಯಾರೋ ಅವರ ತಲೆಗೆ ತುಂಬಿದರು. ಓಡಿಸುವವರು ಯಾರು ಎಂಬ ಮಾತು ಬಂದಾಗ ಊಟಕ್ಕೆ ಕೂತವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಅಪ್ಪ ಸ್ಕೂಟಿಗಿಂತ ಮೊದಲು ನನಗೆ ಟ್ರ್ಯಾಕ್ಟರ್ ಕಲಿಸಿದ್ದು ಸಾಲದೆಂದು ಮದುವೆ ಮಾತುಕತೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದರಲ್ಲ. ಹೊಗಳಿ ಅಟ್ಟಕ್ಕೇರಿಸಿದರು. ಏಣಿ ತೆಗೆದದ್ದು ನನಗೆ ಆಮೇಲೆ ಗೊತ್ತಾಯಿತು.

ನಾನು ಜಯಕುಮಾರ್ ಮುಖ ನೋಡಿದೆ. ಅದೇ ವಾರ ಇಬ್ಬರೂ ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಬಾಡಿಗೆ ಮನೆ ನೋಡಿ ಬಂದಿದ್ದೆವು. ಇವರಿಗೂ ದಿನಾ ಕೆಲಸಕ್ಕೆ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿತ್ತು. ಆದರೆ ಅಪ್ಪನ ಎದುರು ನನ್ನ ಗಂಡ ಮಜ್ಜಿಗೆ ಅನ್ನ ಕಲಸುವುದರಲ್ಲಿ ಬಹಳ ಮಗ್ನರಾಗಿದ್ದರು. ಆಮೇಲೆ, ಸ್ವಲ್ಪ ದಿನ ನೋಡೋಣ ಎಂದರು. ಇವರ ಸ್ವಲ್ಪ ದಿನಕ್ಕೆ ಕೊನೆ ಮೊದಲಿಲ್ಲ.

ಸೊಸೆ ಓಡಿಸುವ ಗಾಡಿ, ಹೊಸದೇ ತರೋಣ ಎಂದು ಮಾವ ಹೊರಟರು. ನನ್ನ ಜೀವ ಬಾಯಿಗೆ ಬಂತು. ಹೊಸ ಟ್ರ್ಯಾಕ್ಟರ್ ಎಂದರೆ ಹದಿನೈದು ವರ್ಷ ಕೆಡುವುದಿಲ್ಲ, ಅಷ್ಟು ವರ್ಷ ನಾನು ಅದರ ಸೀಟಿನಿಂದ ಇಳಿಯುವುದಿಲ್ಲ. ಗೊಬ್ಬರ ಹೊರುವುದಕ್ಕೆ ಹೊಸದ್ಯಾಕೆ ಮಾವ, ಹಳೆಯದೇ ಸಾಕು ಎಂದೆ. ಮನೆತನ ತಿಳಿದ ಹುಡುಗಿ ಎಂದು ಅತ್ತೆ ಲಿಂಗಮ್ಮನವರು ದೃಷ್ಟಿ ತೆಗೆದರು.

ಭದ್ರಾವತಿಯಲ್ಲೇ ಒಂದು ಸಿಕ್ಕಿತು. ಮಾರುವವರು ಕಾರ್ಖಾನೆಯಿಂದ ನಿವೃತ್ತರಾದ ತಮಿಳು ಮಾತಾಡುವ ಅಜ್ಜ. ಪಾಪ, ಒಳ್ಳೆಯವರು. ಓಡಿಸಿ ನೋಡಿಯೇ ತೆಗೆದುಕೊಳ್ಳಿ ಎಂದು ಹೇಳಿ ದೂರ ನಿಂತರು. ಮಾವ ಜೀವಮಾನವೆಲ್ಲ ಎತ್ತು ಕೊಂಡವರು. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಸುಳಿ ಹುಡುಕುವವರ ಹಾಗೆ ಬಗ್ಗಿ ನೋಡಿ, ಹಿಂದಿನ ಮಡ್ಗಾರ್ಡಿಗೆ ಎರಡು ಏಟು ತಟ್ಟಿದರು. ಬೆಲೆ ಬಾಯಲ್ಲಿ ಹೇಳದೆ, ದನದ ಸಂತೆಯಲ್ಲಿ ಮಾಡುವ ಹಾಗೆ ಟವೆಲ್ಲಿನ ಕೆಳಗೆ ಅಜ್ಜನ ಬೆರಳು ಹಿಡಿದರು. ಅಜ್ಜನಿಗೆ ಆ ಲೆಕ್ಕ ಗೊತ್ತಿಲ್ಲ, ಯಾಕೆ ಕೈ ಹಿಡಿದಿದ್ದಾರೆಂದು ನನ್ನ ಮುಖ ನೋಡಿದರು. ನಗು ತಡೆಯುವುದೇ ಕಷ್ಟವಾಯಿತು. ಅದಾದ ಮೇಲೆ ಮಾವ ನನ್ನನ್ನು ಹತ್ತಿಸಿದರು.

ಹತ್ತಿದ ಸ್ವಲ್ಪ ಹೊತ್ತಿಗೇ ನನಗೆ ಅದರ ಹಣೆಬರಹ ತಿಳಿಯಿತು. ಡೀಸೆಲ್ ಲೈನು ಗಾಳಿ ಎಳೆದುಕೊಳ್ಳುತ್ತಿತ್ತು. ಸ್ಟಾರ್ಟ್ ಆಗಲು ಬಹಳ ಹೊತ್ತು ಹಿಡಿಯಿತು. ಮುಂದಿನ ಲೋಡರ್ ಬಕೆಟ್ಟನ್ನು ಮೇಲೆತ್ತಿ ಎಂಜಿನ್ ನಿಲ್ಲಿಸಿದೆ. ತೂಕಡಿಸುವವರ ತಲೆಯ ಹಾಗೆ ಅದು ತಾನಾಗಿ ನಿಧಾನಕ್ಕೆ ಕೆಳಗಿಳಿಯಿತು. ಬಕೆಟ್ಟನ್ನು ಎತ್ತಿ ಹಿಡಿಯುವ ಎಣ್ಣೆಯ ಸೀಲುಗಳು ಹೋಗಿದ್ದವು, ಆ ಎಣ್ಣೆಯ ಪಂಪೂ ಸವೆದಿತ್ತು. ಈ ಗಾಡಿ ದಸರಾ ಕಾಣುವುದಿಲ್ಲ ಎಂದುಕೊಂಡೆ.

ಕೆಳಗಿನಿಂದ ಮಾವ ಕೇಳಿದರು, "ಹೆಂಗಿದೆಯಮ್ಮ?"

"ಚೆನ್ನಾಗಿದೆ ಮಾವ, ತಗೊಳ್ಳಿ" ಎಂದೆ.

ಬೇಕೆಂದೇ ಹೇಳಿದೆ, ಅನುಷಾ. ಅದು ಬೇಗ ಸಾಯಲಿ, ಮಾವನಿಗೆ ಟ್ರ್ಯಾಕ್ಟರಿನ ಹುಚ್ಚು ಬಿಡಲಿ, ನಾನು ಶಿವಮೊಗ್ಗದ ಬಸ್ಸು ಹತ್ತುತ್ತೇನೆ ಎಂಬುದು ನನ್ನ ಬುದ್ಧಿವಂತಿಕೆ.

ಅದು ಸಾಯುವುದೇನೋ ಸಾಯಿತು, ದಿನಾ ಸಾಯಿತು. ಆದರೆ ದಿನಾ ನನ್ನ ಕೈಯಲ್ಲಿ ಬದುಕಿತು. ಬೆಳಿಗ್ಗೆ ಎಂಜಿನ್ನಿನ ಪಕ್ಕದ ಸಣ್ಣ ಪಂಪನ್ನು ಕೈಯಲ್ಲಿ ಒತ್ತಿ ಒತ್ತಿ ಗಾಳಿ ತೆಗೆದರೆ ಸ್ಟಾರ್ಟ್ ಆಗುತ್ತದೆ, ಅಷ್ಟೇ. ಮಾವ ಅದಕ್ಕೆ ಇಟ್ಟ ಹೆಸರು ಕೈಗುಣ. ನನ್ನ ಒತ್ತಾಯಕ್ಕೆ ಗಣೇಶ್ ಎಂಬ ಡ್ರೈವರನ್ನು ಇಟ್ಟರು. ಅವನಿಗೆ ಎಲ್ಲ ತೋರಿಸಿಕೊಟ್ಟೆ. ಸ್ಟಾರ್ಟ್ ಮಾಡಿದ, ಬಕೆಟ್ ತುಂಬ ಗೊಬ್ಬರ ಎತ್ತಿ ಯಾರದೋ ಫೋನ್ ಬಂತೆಂದು ಮಾತಿಗೆ ನಿಂತ. ಬಕೆಟ್ ಇಳಿದು ಟ್ರೇಲರಿನ ಅಂಚಿನ ಮೇಲೆ ಕೂತಿತು. ಪುಣ್ಯಕ್ಕೆ ಅಲ್ಲಿ ಯಾರೂ ನಿಂತಿರಲಿಲ್ಲ. ಅವನು ಮಾರನೇ ದಿನ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಕಟ್ಟಳೆಯಾಯಿತು: ಬೆಳಿಗ್ಗೆ ಮೀರಾ ಮುಟ್ಟುವ ತನಕ ಕೀಲಿಯನ್ನು ಯಾರೂ ಮುಟ್ಟಬಾರದು. ತವರಿಗೆ ಅಣ್ಣನ ಮಗುವಿನ ನಾಮಕರಣಕ್ಕೆ ಹೋದವಳನ್ನು, ಮಗುವಿಗೆ ಹೆಸರಿಡುವ ಮೊದಲೇ ಇವರು ಬಂದು ಕರೆದುಕೊಂಡು ಹೋದರು.

ಒಂದು ದಿನ ರೇಗಿ, ಸ್ಕ್ರೂ ಸಡಿಲಿಸಿ, ಡೀಸೆಲ್ ಜೊತೆ ಬರುವ ಗಾಳಿಗುಳ್ಳೆಗಳನ್ನು ಮಾವನಿಗೇ ತೋರಿಸಿದೆ. ಕೈಗುಣವೂ ಇಲ್ಲ ಕಾಲ್ಗುಣವೂ ಇಲ್ಲ, ಇದಿಷ್ಟೇ ಎಂದೆ. ಅವರು ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಗುಳ್ಳೆ ಎಲ್ರಿಗೂ ಕಾಣುತ್ತಮ್ಮ. ಹೋಗೋದು ನಿನ್ನ ಕೈಗೆ ಮಾತ್ರ" ಎಂದರು.

ಯಾರಾದರೂ ಬೈದಿದ್ದರೆ, ಒಂದು ಮಾತು ಹೆಚ್ಚು ಆಡಿದ್ದರೆ, ನಾನು ಬ್ಯಾಗ್ ಹಿಡಿದು ಹೊರಡುತ್ತಿದ್ದೆ. ಬೈಯುವುದೇ ಇಲ್ಲವಲ್ಲ ಇವರು. ಗೊಬ್ಬರದಿಂದ ಬಂದವಳಿಗೆ ಅತ್ತೆ ಬಿಸಿನೀರು ಕಾಯಿಸಿಟ್ಟಿರುತ್ತಾರೆ. ಹಬ್ಬದಲ್ಲಿ ಮೊದಲ ಒಬ್ಬಟ್ಟು ನನಗೆ. ಊರಿನವರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಾರೆ. ಈ ಪ್ರೀತಿಯಲ್ಲಿ ನನಗೆ ಉಸಿರು ಕಟ್ಟುತ್ತದೆ ಎಂದು ಯಾರ ಹತ್ತಿರ ಹೇಳಲಿ? ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂತ ಹಾಗೆ ಕನಸು ಬೀಳುತ್ತದೆ. ಎದ್ದರೆ ಅಂಗಳದಲ್ಲಿ ಅದು ನಿಂತಿರುತ್ತದೆ.

ದೀಪಾವಳಿ ಆದ ಮೇಲೆ ತಡೆಯಲಾರದೆ ಮಾವನೆದುರು ಅತ್ತುಬಿಟ್ಟೆ. ಓದಿದ ಕೆಲಸ ಮಾಡಬೇಕು, ಶಿವಮೊಗ್ಗಕ್ಕೆ ಹೋಗಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. ನೀನಿಲ್ಲದೆ ಈ ಗಾಡಿ ಇಟ್ಟುಕೊಂಡು ಏನು ಮಾಡಲಿ, ಮಾರಿಬಿಡೋಣ, ಆಮೇಲೆ ಬಾಡಿಗೆ ಲೋಡರ್ ತರಿಸಿಕೊಳ್ಳುತ್ತೇನೆ, ನೀನು ಹೋಗು ಎಂದರು. ಅವತ್ತು ನಾನು ಅವರ ಕಾಲಿಗೆ ಬಿದ್ದೆ.

ತ್ಯಾವರೆಕೊಪ್ಪದ ಕಡೆಯಿಂದ ಭೈರಪ್ಪ ಎಂಬವರು ನೋಡಲು ಬಂದರು. ವ್ಯಾಪಾರ ಕುದುರಲಿಲ್ಲ. ಆಮೇಲೆ ಯಾರೂ ಬರಲಿಲ್ಲ. ಗಾಡಿಗೇ ನಿನ್ನ ಬಿಟ್ಟು ಹೋಗಲು ಮನಸ್ಸಿಲ್ಲ ಎಂದು ಮಾವ ತೀರ್ಮಾನಿಸಿ ಮೊನ್ನೆ ಇನ್ನೊಂದು ಟ್ರೇಲರ್ ತಂದು ನಿಲ್ಲಿಸಿದ್ದಾರೆ. ಜಯಕುಮಾರ್ ರವೀಂದ್ರನಗರದ ಮನೆಯವರಿಗೆ ಫೋನ್ ಮಾಡಿ ಬೇಡ ಎಂದು ಹೇಳಿದರು. ನಾನು ಕೇಳಿಸಿಕೊಂಡು ಪಾತ್ರೆ ತೊಳೆದೆ.

ನನ್ನ ಬಿಳಿ ಕೋಟು ನಿನ್ನ ಹತ್ತಿರವೇ ಇದೆಯಲ್ಲ. ಹೊಸದಾಗಿ ಬರುವವಳಿಗೆ ಸರಿಯಾದರೆ ಕೊಟ್ಟುಬಿಡು. ಫೋನ್ ಮಾಡಿದಾಗ ಈ ವಿಷಯ ಎತ್ತಬೇಡ, ಸಿನಿಮಾ ಸೀರೆ ಮಾತಾಡು.

ನಿನ್ನ
ಮೀರಾ

ಮರೆತು ಬಿಟ್ಟದ್ದಲ್ಲ, ಬರೆಯಬಾರದು ಎಂದುಕೊಂಡದ್ದು: ಆ ವ್ಯಾಪಾರ ಕೆಡಿಸಿದವಳು ನಾನೇ. ಭೈರಪ್ಪ ಬೈಕಿನಲ್ಲಿ ಸೊಸೆಯನ್ನೂ ಕೂರಿಸಿಕೊಂಡು ಬಂದಿದ್ದರು. ಓಡಿಸುವವಳು ಇವಳೇ ಎಂದು ಹೆಮ್ಮೆಯಿಂದ ಹೇಳಿ ಅವಳನ್ನು ಸೀಟಿಗೆ ಹತ್ತಿಸಿದರು. ಗಾಡಿಯ ಗುಣವನ್ನು ನಮ್ಮ ಮೀರಾನನ್ನೇ ಕೇಳಿ ಎಂದು ಮಾವ ಹಿಂದೆ ಸರಿದರು. ಚೆನ್ನಾಗಿದೆ ಎಂದು ಇನ್ನೊಂದು ಸಲ ಹೇಳಿದ್ದರೆ ನಾನೀಗ ನಿನ್ನ ಪಕ್ಕದ ಟೇಬಲಿನಲ್ಲಿ ಇರುತ್ತಿದ್ದೆ. ಆ ಹುಡುಗಿ ಗೇರು ನೋಡುವವಳ ಹಾಗೆ ಬಗ್ಗಿ ಮೆಲ್ಲಗೆ ಹೇಳಿದಳು, "ಅಕ್ಕಾ, ನಂಗೆ ಬಿ.ಎಡ್. ಸೀಟು ಸಿಕ್ಕಿದೆ. ಈ ಗಾಡಿ ಬೇಡ ಅನ್ನೋ ಹಂಗೆ ಏನಾದ್ರೂ ಹೇಳಿ."

ಗಾಳಿ, ಸೀಲು, ಬಕೆಟ್ಟು, ಎಲ್ಲ ಹೇಳಿದೆ. ಭೈರಪ್ಪ ನಿಜ ಹೇಳಿದಿರಿ ತಾಯಿ ಎಂದು ಕೈಮುಗಿದು ಹೋದರು. ಬೈಕಿನ ಹಿಂದೆ ಕೂತ ಅವಳು ತಿರುಗಿ ನೋಡಿ ನಕ್ಕಳು. ಒಬ್ಬಳಾದರೂ ತಪ್ಪಿಸಿಕೊಂಡಳು ಎಂದು ನಾನು ಇಷ್ಟು ದಿನ ಖುಷಿಯಾಗಿದ್ದೆ.

ಇವತ್ತು ಬೆಳಿಗ್ಗೆ ಭೈರಪ್ಪ ಮಾವನಿಗೆ ಫೋನ್ ಮಾಡಿದ್ದರು. ನಿಮ್ಮ ಸೊಸೆ ಕಣ್ಣು ತೆರೆಸಿದಳು, ಹಳೆಯದರ ಸಹವಾಸವೇ ಬೇಡವೆಂದು ಹೊಸ ಟ್ರ್ಯಾಕ್ಟರನ್ನೇ ತಂದೆ ಎಂದರಂತೆ. ಸೊಸೆಯ ಕೈಗೇ ಕೀಲಿ ಕೊಟ್ಟು ಪೂಜೆ ಮಾಡಿಸಿದರಂತೆ.