ಏಳನೆಯ ನಿಯಮ

ಗಚ್ಚಿಬೌಲಿ, ಹೈದರಾಬಾದು
೧೪ ಆಗಸ್ಟ್ ೨೦೦೭

ನಿವಾಸಿಗಳ ಸಂಘದ ಅಧ್ಯಕ್ಷರಾದ ಶ್ರೀ ವಿಠಲ ನವಲಿ ಅವರಿಗೆ,

ಮಾನ್ಯರೆ,

ನಿನ್ನೆ ಮಧ್ಯಾಹ್ನ ಹಿಂಬಾಗಿಲಿನ ಬೀಗವನ್ನು ಒಡೆದವನು ನಾನು. ಕಾವಲುಗಾರ ಹುಲಗೇಶನನ್ನು ವಿಚಾರಣೆಗೆ ಕರೆಯಬೇಡಿ.

ಮಳೆನೀರು ಏರಿದಾಗ ಎಚ್ಚರಿಕೆಯ ಗಂಟೆ ಮೊಳಗಿತು. ಗಂಟೆ ಕೇಳಿದೊಡನೆ ಹಿಂಬಾಗಿಲಿಗೆ ಬೀಗ ಹಾಕಬೇಕೆಂಬುದು ನಮ್ಮ ವಿಪತ್ತು ಕೈಪಿಡಿಯ ಏಳನೆಯ ನಿಯಮ, ಹುಲಗೇಶ ಹಾಕಿದ. ನಮ್ಮ ಹೊಸ ಕಟ್ಟಡವನ್ನು ಕಟ್ಟುತ್ತಿರುವ ರಾಯಚೂರಿನ ಕೂಲಿಕಾರರು ಗೋಡೆಯಾಚೆಯ ಜೋಪಡಿಗಳಿಂದ ಆ ಬಾಗಿಲಿಗೇ ಓಡಿಬಂದರು. ಎದೆಮಟ್ಟದ ನೀರಿನಲ್ಲಿ ಅವರಲ್ಲೊಬ್ಬಳಾದ ಗದಿಗೆಮ್ಮ ಮೊಮ್ಮಗಳನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು. "ಅಜ್ಜಾರ, ಕೂಸನ್ನರ ಒಳಗ ತಗೋರಿ!" ಎಂದು ಕೂಗಿದಳು. ನಾನು ಸಲಾಕೆ ತಂದೆ. ಎಲ್ಲರೂ ಬದುಕಿದರು.

ಆಮೇಲೆ ನನ್ನ ಪಡಸಾಲೆಯಲ್ಲಿ ಆಕೆ ಕೈಪಿಡಿಯ ಚಿತ್ರನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಈಸೋ ಹೊಂಡ ಐತಿ, ನಾಯಿ ಅಡ್ಡಾಡೋ ಜಾಗಾನೂ ಐತಿ. ನಮ್ಮ ಮನಿ ಎಲ್ಲೈತ್ರಿ?"

ಕನ್ನಡ ನಾಡಿನಿಂದ ಬಂದ ನಮ್ಮ ಕಾವಲುಗಾರರು ಓದಲೆಂದು ಆ ಕೈಪಿಡಿಯನ್ನು ಕನ್ನಡಕ್ಕೆ ತಂದವನು ನಾನು. ಏಳನೆಯ ನಿಯಮದ ವಾಕ್ಯವನ್ನು ಮೂರು ಬಾರಿ ತಿದ್ದಿ ಹಿಗ್ಗಿದ್ದೆ. ಬಾಗಿಲಿನಾಚೆ ಯಾರಿರುತ್ತಾರೆಂದು ಒಮ್ಮೆಯೂ ಯೋಚಿಸಲಿಲ್ಲ. ಮೂಲ ನಿಯಮವನ್ನು ತಾವು ಯೋಚಿಸಿಯೂ ಬರೆದಿರಿ. "ಹೊರಗಿನವರು ನುಗ್ಗಿಬಿಡುತ್ತಾರೆ" ಎಂದು ಇಂದು ಮತ್ತೆ ಹೊಸ ಬೀಗ ಹಾಕಿಸಿದ್ದೀರಿ. ನಾಚಿಕೆಯಾಗಬೇಕು.

ನಾಳೆ ಸಂಜೆಯೊಳಗೆ ಅದನ್ನು ತೆಗೆಸಿರಿ, ನಿಯಮವನ್ನು ಹೊಡೆದುಹಾಕಿರಿ. ಸುರಕ್ಷಾ ಸಮಿತಿಯಲ್ಲಿರುವ ನನ್ನ ಸ್ಥಾನವನ್ನು ಗದಿಗೆಮ್ಮನಿಗೆ ಕೊಡಿರಿ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆಂಬುದು ಆ ಸಭೆಯಲ್ಲಿ ಆಕೆಯೊಬ್ಬಳಿಗೇ ಗೊತ್ತಿರುತ್ತದೆ.

ಉತ್ತರ ಬೇಡ, ಕ್ರಮ ಬೇಕೆನ್ನುವ,
ಗುಂಡೇರಾವ್ ಮುದಗಲ್
ನಿವೃತ್ತ ಕನ್ನಡ ಅಧ್ಯಾಪಕ