ಎಂಟು ಮಡಿಕೆಯಲ್ಲಿ ಮೂರು

ಹತ್ತನೇ ತಾರೀಖು, ಸೋಮವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಾನೂ ನಿನ್ನ ಮಗಳು ಗುಬ್ಬಿಯೂ ಚೆನ್ನಾಗಿದ್ದೇವೆ. ನಿನ್ನ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಈ ಕಾಗದ ಅಲ್ಲಿರುತ್ತದೆ. ಹಡಗಿನ ಅಡುಗೆಮನೆಯಲ್ಲಿ ಕೈ ಬಿಡುವಾದಾಗ ಓದು. ಒಲೆಯ ಮುಂದೆ ಓದಬೇಡ, ಏನಾದರೂ ಸೀದುಹೋದೀತು.

ಜೊತೆಗೆ ಶಾಲೆಯ ಫಾರಂ ಇಟ್ಟಿದ್ದೇನೆ. ಅದಕ್ಕೆ ನಿನ್ನ ರುಜು ಬೇಕು. ಇಪ್ಪತ್ತೆಂಟರೊಳಗೆ ಅದು ವಾಪಸ್ ಬರದಿದ್ದರೆ ಗುಬ್ಬಿ ಪರೀಕ್ಷೆಗೆ ಕೂರುವ ಹಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ.

ಈ ಸಲ ನಾಲ್ಕನೇ ಕ್ಲಾಸಿನ ಮಕ್ಕಳಿಗೆಲ್ಲ ಶಾಲೆಯವರು ಒಂದೊಂದು ಕಂಪ್ಯೂಟರ್ ಕೊಟ್ಟಿದ್ದಾರೆ. ಊಟದ ತಟ್ಟೆಯಷ್ಟು ಅಗಲ. ಮಾತಾಡುತ್ತದೆ, ದಿನಾ ಸಂಜೆ ಪಾಠ ಒಪ್ಪಿಸಿಕೊಳ್ಳುತ್ತದೆ, ಪರೀಕ್ಷೆಯನ್ನೂ ಅದೇ ಮಾಡುತ್ತದೆ. ಅದಕ್ಕೆ ಮುಖವೂ ಬೇಡ, ದನಿಯೂ ಬೇಡ. ಮಗು ಹೇಗೆ ಯೋಚಿಸುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದರಿಂದಲೇ ಇಂಥವರೆಂದು ಗುರುತು ಹಿಡಿಯುತ್ತದೆ.

ಅದು ಮನೆಗೆ ಬಂದ ಮರುದಿನವೇ ಗುಬ್ಬಿ ಮಲಗಿದಳು. ಹನ್ನೆರಡು ದಿನ ಜ್ವರ. ಪಾಠದಲ್ಲಿ ಹಿಂದೆ ಬೀಳುತ್ತಾಳೆಂದು ಹೆದರಿ ಅವಳ ಬದಲು ನಾನೇ ಉತ್ತರ ಹೇಳಿದೆ. "ಹೇಳು ಚಿಕ್ಕಿ, ಅದಕ್ಕೇನು ಗೊತ್ತಾಗತ್ತೆ" ಎಂದು ಕಂಬಳಿಯೊಳಗಿಂದ ಅವಳೇ ಅಂದಳು.

ಮುಕ್ಕಾಲರಲ್ಲಿ ಅರ್ಧ ಎಷ್ಟು ಎಂದು ಅದು ಕೇಳಿತು. ನನಗೆ ಎಲ್ಲಿ ಬರಬೇಕು? ಹೊಲಿಗೆ ಅಂಗಡಿಯಿಂದ ಗುಂಡಿಯ ಕಾಜಾ ಹಾಕಲು ತಂದ ಬಟ್ಟೆಯ ಪಟ್ಟಿ ಕೈಯಲ್ಲಿತ್ತು. ಅದನ್ನೇ ಮೂರು ಸಲ ಮಡಿಸಿ, ಬಿಚ್ಚಿ, ಎಣಿಸಿ, ಎಂಟು ಮಡಿಕೆಯಲ್ಲಿ ಮೂರು ಅಂದೆ. ಬಯ್ಯುತ್ತದೆ ಅಂದುಕೊಂಡಿದ್ದೆ. "ಮಡಿಸೋದು ಅಂದ್ರೆ ಹೇಗೆ? ನಂಗೂ ಹೇಳಿಕೊಡು" ಅಂತು. ಅಕ್ಕಾ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಕೇಳುವುದೆಲ್ಲ, "ಗುಂಡಿ ಹೊಲೀತಿದ್ಯೋ, ತೂಕಡಿಸ್ತಿದ್ಯೋ?" ಅಂತ. ಮರುದಿನದಿಂದ ಲೆಕ್ಕಗಳೆಲ್ಲ ಬಟ್ಟೆಯ ಮಡಿಕೆಯಲ್ಲೇ ಬಂದವು.

ಮೊನ್ನೆ ಗುಬ್ಬಿಯೇ ಅದರ ಮುಂದೆ ಕೂತಳು. ಎರಡು ಲೆಕ್ಕ ಮಾಡಿದ್ದೇ ತಡ, "ನೀನು ಗುಬ್ಬಿ ಅಲ್ಲ. ಗುಬ್ಬೀನ ಕರಿ" ಅಂತು. "ನಾನೇ ಕಣೋ ಗುಬ್ಬಿ" ಎಂದು ಅವಳು ಮೊದಲು ನಕ್ಕಳು. ನಾನು ಹೋಗಿ, ಅವಳೇ ನಿಜವಾದ ಗುಬ್ಬಿ, ನಾನು ಒಳಗಿನ ಲೈನಿಂಗ್ ಬಟ್ಟೆ ಇದ್ದ ಹಾಗೆ, ನನ್ನನ್ನು ಲೆಕ್ಕಕ್ಕೆ ತಗೋಬೇಡ ಅಂದೆ. "ಹೀಗೆ ಬಟ್ಟೆ ತಂದು ಹೇಳೋದು ಗುಬ್ಬಿ ಒಬ್ಬಳೇ. ಬಂದ್ಯಾ? ಇಷ್ಟೊತ್ತು ಎಲ್ಲಿದ್ದೆ?" ಅಂತು. ಗುಬ್ಬಿಯ ನಗು ನಿಂತಿತು. "ಹಾಗಾದ್ರೆ ನಾನ್ಯಾರು ಚಿಕ್ಕಿ?" ಎಂದು ಕೇಳಿದಳು.

ವಿಷಯ ತಿಳಿದು ಅವಳ ಟೀಚರ್ ಮನೆಗೇ ಬಂದರು. ಬಯ್ಯಲಿಲ್ಲ. "ಅಲ್ಲಮ್ಮಾ, ಇಂಥ ಎಡವಟ್ಟು ನಾನು ಎಲ್ಲೂ ನೋಡಿಲ್ಲ" ಎಂದು ಈ ಫಾರಂ ಕೊಟ್ಟರು. ಅದರಲ್ಲಿ ಎರಡು ಚೌಕಗಳಿವೆ. ಮೊದಲನೆಯದಕ್ಕೆ ಗುರುತು ಹಾಕಿದರೆ ಕಂಪ್ಯೂಟರಿನಿಂದ ನನ್ನನ್ನು ಪೂರ್ತಿ ಅಳಿಸುತ್ತಾರೆ. ಎರಡನೆಯದಕ್ಕೆ ಹಾಕಿದರೆ ನನ್ನನ್ನೂ ವಿದ್ಯಾರ್ಥಿಯಾಗಿ ಸೇರಿಸುತ್ತಾರೆ. ಎರಡರಲ್ಲಿ ಯಾವುದಾದರೂ ಗುಬ್ಬಿಗೆ ಪರೀಕ್ಷೆ ಸಿಗುತ್ತದೆ. ಆದರೆ ಎರಡನೆಯದಾದರೆ ಅವಳ ಸಂಜೆಯ ಪಾಠದಲ್ಲಿ ಅರ್ಧ ಹೊತ್ತು ನನ್ನ ಪಾಲಿಗೆ ಬರುತ್ತದೆ. ಅವಳನ್ನು ಕೇಳಿದರೆ ಬೆಳಿಗ್ಗೆ ಹೂಂ ಅನ್ನುತ್ತಾಳೆ, ಸಂಜೆ ಊಹೂಂ ಅನ್ನುತ್ತಾಳೆ.

ಮೇಲೆ ಹನ್ನೆರಡು ದಿನ ಜ್ವರ ಎಂದು ಬರೆದಿದ್ದೇನೆ. ಜ್ವರ ಇದ್ದದ್ದು ಐದೇ ದಿನ. ಉಳಿದ ಏಳು ದಿನ ಅವಳು ಹೊರಗೆ ಆಡುತ್ತಿದ್ದಳು. ಪಾಠಕ್ಕೆ ಕರೆಯಬೇಕಿತ್ತು, ಕರೆಯಲಿಲ್ಲ. ಯಾಕೆಂದು ನನಗೇ ತಿಳಿಯುತ್ತಿಲ್ಲ. ಅವಳು ಹುಟ್ಟಿದಾಗ ನಾನೂ ನಾಲ್ಕನೇ ಕ್ಲಾಸು. "ಒಂದು ವರ್ಷ ಮಗು ನೋಡ್ಕೋ, ಆಮೇಲೆ ಸ್ಕೂಲಿಗೆ ಕಳಿಸ್ತೀನಿ" ಅಂದಿದ್ದೆ ನೀನು. ಇದನ್ನು ದೂರು ಎಂದುಕೊಳ್ಳಬೇಡ. ನೆನಪಾಯಿತು, ಅಷ್ಟೆ.

ಯಾವ ಚೌಕ ಎಂದು ನೀನೇ ನೋಡಿ ಗುರುತು ಹಾಕು. ಅಳಿಸುವುದೇ ಒಳ್ಳೆಯದು ಅನಿಸುತ್ತದೆ. ಮಗುವಿನ ಓದು ಮುಖ್ಯ.

ಹೊಟ್ಟೆ ತುಂಬ ತಿನ್ನು. ಎಲ್ಲರಿಗೂ ಬಡಿಸಿ ತಳ ಹತ್ತಿದ್ದನ್ನು ನೀನು ತಿನ್ನಬೇಡ.

ನಿನ್ನ ತಂಗಿ

ಬಿಟ್ಟುಹೋದ ಮಾತು: ಎರಡನೆಯ ಚೌಕಕ್ಕೆ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿ ಆಮೇಲೆ ಅಳಿಸಿದ್ದೇನೆ. ಬೆಳಕಿಗೆ ಹಿಡಿದರೆ ಇನ್ನೂ ಕಾಣಿಸುತ್ತದೆ. ಹಿಡಿಯಬೇಡ.